ಗಡಿಯಲ್ಲಿ ಗುಂಡು ಸಿಡಿದಾಗ ಏಳುವ ಉತ್ಸಾಹ ಆಮೇಲೆ ಎಲ್ಲಿಗೆ ಹೋಗುತ್ತದೆ? ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಹತರಾದರು. ಅವರಲ್ಲಿ ಕನ್ನಡಿಗರೂ ಇದ್ದರು. ಆ ವರ್ಷ ಭೂಸೇನೆಯ ಅಗ್ನಿವೀರ (ನಾಲ್ಕು ವರ್ಷದ ಸೇವೆಗೆ ಸೇರುವ ಸಿಪಾಯಿ) ಭರ್ತಿಯ ಆನ್‌ಲೈನ್ ನೋಂದಣಿ ಮುಗಿದದ್ದು ಏಪ್ರಿಲ್ 25ಕ್ಕೆ. ಆಪರೇಷನ್ ಸಿಂಧೂರ ನಡೆದದ್ದು ಮೇ 6–7ರ ರಾತ್ರಿ. ಊರೂರಿನ ಹುಡುಗರು ‘ನಾವೂ ಹೋಗಬೇಕು’ ಎಂದು ಎದ್ದು ನಿಂತ ಹೊತ್ತಿಗೆ ಬಾಗಿಲು ಮುಚ್ಚಿ ಹನ್ನೆರಡು ದಿನ ಕಳೆದಿತ್ತು. ಮೇ 10ಕ್ಕೆ ಕದನ ವಿರಾಮವಾಯಿತು. ಮುಂದಿನ ಅಧಿಸೂಚನೆ ಮರುವರ್ಷದ್ದು. ನಡುವಿನ ಅಷ್ಟೂ ತಿಂಗಳು ಆ ಹುಡುಗರು ಏನು ಮಾಡಬೇಕು, ಯಾರ ಬಳಿ ಹೋಗಬೇಕು, ಎಷ್ಟು ದುಡ್ಡು ಕಳೆದುಕೊಳ್ಳುತ್ತಾರೆ, ಕಾಲು ಮುರಿದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಕೇಳುವವರು ಯಾರೂ ಇರಲಿಲ್ಲ.

ಸೇನೆ ಕೇಂದ್ರದ ವಿಷಯ, ನನಗೇಕೆ ಈ ಪತ್ರ ಎಂದು ತಮಗೆ ಅನ್ನಿಸಬಹುದು. ಭರ್ತಿ ಮಾಡಿಕೊಳ್ಳುವುದು ಕೇಂದ್ರವೇ, ನಿಜ. ಆದರೆ ಭರ್ತಿಗೆ ಮುಂಚಿನ ಎರಡು ವರ್ಷ ಮತ್ತು ಸೇವೆ ಮುಗಿದ ಮೇಲಿನ ಮೂವತ್ತು ವರ್ಷ ರಾಜ್ಯದ ಕೈಯಲ್ಲಿದೆ. ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು, ಅಂಕಪಟ್ಟಿ ತಿದ್ದುವುದು ರಾಜ್ಯದ ಪರೀಕ್ಷಾ ಮಂಡಳಿ, ಓಡುವ ಮೈದಾನ ಜಿಲ್ಲಾ ಕ್ರೀಡಾಂಗಣ, ವಾಪಸ್ ಬಂದ ಮೇಲೆ ಅವರು ಎದುರು ನೋಡುವ ಕೆಲಸ ರಾಜ್ಯ ಪೊಲೀಸ್ ಇಲಾಖೆಯದು. ಹೊರಗಿನ ಬೆದರಿಕೆ ಜನರಲ್ಲಿ ಸೇನೆಯ ಬಗ್ಗೆ ಆಸೆ ಹುಟ್ಟಿಸುತ್ತದೆ. ಆ ಆಸೆ ಉಳಿಯುತ್ತದೋ ಕಹಿಯಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಇಂಥ ಕಚೇರಿಗಳು.

ಇದು ಹೊಸದಲ್ಲ. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಅಕ್ಟೋಬರ್ 26ಕ್ಕೆ ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ರಕ್ಷಣಾ ನಿಧಿಗೆ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಸೇನೆಯ ಬಲವನ್ನು 8.25 ಲಕ್ಷಕ್ಕೆ ಏರಿಸುವ ನಿರ್ಧಾರವಾಯಿತು. ಅಷ್ಟು ಜನಕ್ಕೆ ಬೇಕಾದ ಅಧಿಕಾರಿಗಳನ್ನು ಬೇಗ ತಯಾರು ಮಾಡಲು 1963ರಲ್ಲಿ ಪುಣೆ ಮತ್ತು ಮದ್ರಾಸಿನಲ್ಲಿ ಅಧಿಕಾರಿಗಳ ತರಬೇತಿ ಶಾಲೆ ತೆರೆದು ತುರ್ತು ಕಮಿಷನ್ (ಕೆಲವೇ ವರ್ಷದ ಅಧಿಕಾರಿ ಹುದ್ದೆ) ಕೊಡಲಾಯಿತು. ಅದೇ ವರ್ಷ ಕಾಲೇಜಿನ ಗಂಡು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಐದು ವರ್ಷ ಕಳೆಯುವಷ್ಟರಲ್ಲಿ, 1968ಕ್ಕೆ, ಆ ಕಡ್ಡಾಯವನ್ನು ಕೈಬಿಡಬೇಕಾಯಿತು. ಲಕ್ಷಾಂತರ ಹುಡುಗರಿಗೆ ಬೇಕಾದಷ್ಟು ತರಬೇತುದಾರರೂ ಇರಲಿಲ್ಲ, ಸಾಮಗ್ರಿಯೂ ಇರಲಿಲ್ಲ. ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ ಹಾಕುವುದೇ ಕವಾಯತು ಎನ್ನುವಂತಾದಾಗ ಯಾರ ದೇಶಪ್ರೇಮವೂ ಹೆಚ್ಚಾಗುವುದಿಲ್ಲ.

ಆ ಕಾಲದ ಒಂದು ಕೆಲಸ ಮಾತ್ರ ಇಂದಿಗೂ ಮಾದರಿ. ಐದಾರು ವರ್ಷ ದುಡಿದು ಬಿಡುಗಡೆಯಾದ ತುರ್ತು ಕಮಿಷನ್ ಅಧಿಕಾರಿಗಳಿಗೆ ಐಎಎಸ್, ಐಪಿಎಸ್ ಸೇವೆಗಳಲ್ಲೇ ಹುದ್ದೆ ಕಾಯ್ದಿರಿಸಿ, ಅದಕ್ಕಾಗಿ ಪ್ರತ್ಯೇಕ ನಿಯಮ ಮಾಡಲಾಯಿತು. ದೇಶಕ್ಕೆ ಅಪಾಯ ಬಂದಾಗ ಓದು ಬಿಟ್ಟು ಬಂದವನ ಕೈ ಬಿಡುವುದಿಲ್ಲ ಎಂಬ ಮಾತು ಭಾಷಣದಲ್ಲಿ ನಿಲ್ಲದೆ ನೇಮಕಾತಿ ನಿಯಮದೊಳಗೆ ಬಂದು ಕೂತಿತು.

1999ರ ಕಾರ್ಗಿಲ್ ಯುದ್ಧದಲ್ಲಿ 527 ಸೈನಿಕರು ಪ್ರಾಣ ಕೊಟ್ಟರು. ಆಮೇಲೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ ಸೇನೆ ಸದಾ ಯೌವನದಲ್ಲಿರಬೇಕು ಎಂದಿತು. 17 ವರ್ಷದ ಸೇವೆಯನ್ನು ಏಳರಿಂದ ಹತ್ತು ವರ್ಷಕ್ಕೆ ಇಳಿಸಿ, ಆಮೇಲೆ ಅವರನ್ನು ಅರೆಸೇನಾ ಪಡೆಗಳಿಗೆ ಕಳಿಸಿ ಎಂಬುದು ಅದರ ಸಲಹೆ. ಆ ಸಲಹೆಗೆ ಎರಡು ಭಾಗವಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಮೊದಲ ಭಾಗವನ್ನು ಇನ್ನಷ್ಟು ಚಿಕ್ಕದು ಮಾಡಿ ನಾಲ್ಕು ವರ್ಷಕ್ಕೆ ತಂದಿತು. ಎರಡನೆಯ ಭಾಗ, ಅಂದರೆ ಮುಂದಿನ ಕೆಲಸದ ಖಾತ್ರಿ, ಪೂರ್ತಿಯಾಗಿ ಬರಲಿಲ್ಲ. ಶೇ 25 ಮಂದಿ ಸೇನೆಯಲ್ಲೇ ಉಳಿಯುತ್ತಾರೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೊದಲು ಶೇ 10 ಮೀಸಲು ಎಂದರು, 2025ರ ಡಿಸೆಂಬರ್‌ನಲ್ಲಿ ಗಡಿ ಭದ್ರತಾ ಪಡೆಯ ಕಾನ್‌ಸ್ಟೇಬಲ್ ಹುದ್ದೆಗಳಲ್ಲಿ ಅದನ್ನು ಶೇ 50ಕ್ಕೆ ಏರಿಸಿದರು. ಒಳ್ಳೆಯ ಹೆಜ್ಜೆ. ಆದರೂ ಸೇರುವ ಪ್ರತಿ ನಾಲ್ವರಲ್ಲಿ ಹೊರಬರುವ ಮೂವರ ಮುಂದಿರುವ ಪ್ರಶ್ನೆ ತೀರಿಲ್ಲ.

ಹೊರದೇಶಗಳ ಅನುಭವವೂ ಇದೇ ಕಡೆ ಬೆರಳು ತೋರುತ್ತದೆ. 2014ರಲ್ಲಿ ರಷ್ಯಾ ಕ್ರಿಮಿಯಾ ವಶಪಡಿಸಿಕೊಂಡ ಮೇಲೆ ಲಿಥುವೇನಿಯಾ 2015ರಲ್ಲಿ, ಸ್ವೀಡನ್ 2017ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ಮರಳಿ ತಂದವು. ಅಲ್ಲಿ ಸೇವೆಯ ಅವಧಿ ಎಷ್ಟು ತಿಂಗಳು ಎಂಬುದು ಕರೆ ಬರುವ ಮೊದಲೇ ಗೊತ್ತಿರುತ್ತದೆ. ಉಕ್ರೇನಿನಲ್ಲಿ 2022ರ ಫೆಬ್ರವರಿಯಲ್ಲಿ ಭರ್ತಿ ಕಚೇರಿಗಳ ಮುಂದೆ ಜನ ತಾವಾಗಿಯೇ ಸಾಲುಗಟ್ಟಿ ನಿಂತಿದ್ದರು. ಎರಡು ವರ್ಷದ ನಂತರ, 2024ರ ಏಪ್ರಿಲ್‌ನಲ್ಲಿ, ಅದೇ ದೇಶ ಕರೆ ಕಳಿಸುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಬೇಕಾಯಿತು. 36 ತಿಂಗಳು ದುಡಿದವರನ್ನು ಮನೆಗೆ ಕಳಿಸುವ ಅಂಶ ಅದೇ ಹೊತ್ತಿನ ಮಸೂದೆಯಿಂದ ಬಿದ್ದುಹೋಯಿತು. ಶತ್ರು ಅದೇ, ಬೆದರಿಕೆ ಇನ್ನೂ ಹೆಚ್ಚು, ಆದರೂ ಸಾಲು ಕರಗಿತು. ಸಾವಿನ ಭಯ ಒಂದು ಕಾರಣ. ಹೋದವನು ಎಂದು ಬರುತ್ತಾನೆ ಎಂಬುದು ಮನೆಯವರಿಗೆ ತಿಳಿಯದಿರುವುದು ಮತ್ತೊಂದು ಕಾರಣ.

ನಮ್ಮಲ್ಲಿ ಸೇನೆಗೆ ಜನ ಬೇಕಾಗಿ ಕರೆಯುವ ಪರಿಸ್ಥಿತಿ ಇಲ್ಲ. 2024ರ ನವೆಂಬರ್‌ನಲ್ಲಿ ಬೆಳಗಾವಿಯ ಟೆರಿಟೋರಿಯಲ್ ಆರ್ಮಿ (ಅರೆಕಾಲಿಕ ಸೈನಿಕರ ಪಡೆ) ಭರ್ತಿ ರ‍್ಯಾಲಿಗೆ ಸಾವಿರಾರು ಹುಡುಗರು ಬಂದು ರಸ್ತೆ ಬದಿಯಲ್ಲೇ ರಾತ್ರಿ ಕಳೆದರು. ಆಗ ಯಾವ ಯುದ್ಧವೂ ಇರಲಿಲ್ಲ. ಇಲ್ಲಿ ಸಾಲು ಯಾವಾಗಲೂ ಉದ್ದವೇ. ಬೆದರಿಕೆ ಬಂದಾಗ ಬದಲಾಗುವುದು ಆ ಸಾಲಿನಲ್ಲಿ ಯಾರು ನಿಲ್ಲುತ್ತಾರೆ, ಮನೆಯಲ್ಲಿ ಯಾರು ಒಪ್ಪುತ್ತಾರೆ ಎಂಬುದು. ಸಾಮಾನ್ಯ ದಿನಗಳಲ್ಲಿ ಮಗ ಸೇನೆಗೆ ಹೋಗುತ್ತೇನೆಂದರೆ ತಂದೆ ಸಂಬಳ ಕೇಳುತ್ತಾನೆ. ಗಡಿಯಲ್ಲಿ ಗುಂಡು ಹಾರಿದ ವಾರ ತಂದೆ ಎದೆಯುಬ್ಬಿಸಿ ಹೂಂ ಎನ್ನುತ್ತಾನೆ, ತಾಯಿ ಬೇಡ ಎನ್ನುತ್ತಾಳೆ. ಎರಡು ತಿಂಗಳಾದ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಮಗೂ ತಿಳಿದಿರಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000, ಎರಡನೆಯ ವರ್ಷ 33,000, ಮೂರನೆಯ ವರ್ಷ 36,500, ನಾಲ್ಕನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30 ಸೇವಾ ನಿಧಿಗೆ ಕಡಿತವಾಗುತ್ತದೆ. ಆದ್ದರಿಂದ ಕೈಗೆ ಬರುವುದು ಕ್ರಮವಾಗಿ 21,000, 23,100, 25,550 ಮತ್ತು 28,000. ನಾಲ್ಕು ವರ್ಷದ ಕಡಿತ ಒಟ್ಟು 5.02 ಲಕ್ಷ. ಸರ್ಕಾರ ಅಷ್ಟೇ ಮೊತ್ತ ಸೇರಿಸುತ್ತದೆ. ಬಡ್ಡಿ ಸೇರಿ ಹೊರಬರುವಾಗ ಸುಮಾರು 11.71 ಲಕ್ಷ ರೂಪಾಯಿ ಎಂಬುದು ಯೋಜನೆ ಪ್ರಕಟವಾದಾಗಿನ ಅಂದಾಜು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿದ್ದಾಗ 48 ಲಕ್ಷ ರೂಪಾಯಿ ವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟಬೇಕಿಲ್ಲ. ಕರ್ತವ್ಯದ ಕಾರಣದಿಂದ ಸತ್ತರೆ ಹೆಚ್ಚುವರಿ 44 ಲಕ್ಷ, ಮಿಕ್ಕ ಅವಧಿಯ ಸಂಬಳ ಮತ್ತು ಸೇವಾ ನಿಧಿ ಕುಟುಂಬಕ್ಕೆ ಸೇರುತ್ತದೆ. ಆದರೆ ಕುಟುಂಬ ಪಿಂಚಣಿ ಇಲ್ಲ. ಪಕ್ಕದ ಕಂದಕದಲ್ಲಿ, ಅದೇ ಗುಂಡಿನ ದಾಳಿಗೆ ಬಲಿಯಾದ ಕಾಯಂ ಸಿಪಾಯಿಯ ಮನೆಯವರಿಗೆ ಅದು ಇದೆ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಈ ಭೇದ ಬೇಡ ಎಂದು ಶಿಫಾರಸು ಮಾಡಿದೆ.

ಇದು ದೂರದ ಮಾತಲ್ಲ. ನಮ್ಮ ಗಡಿಗೆ ತಾಗಿರುವ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಅಗ್ನಿವೀರ ಮುರಳಿ ನಾಯಕ್ 2025ರ ಮೇ 9ರಂದು ನಿಯಂತ್ರಣ ರೇಖೆಯಲ್ಲಿ ಪಾಕಿಸ್ತಾನದ ಗುಂಡಿಗೆ ಬಲಿಯಾದರು. ಆಂಧ್ರ ಸರ್ಕಾರ 50 ಲಕ್ಷ ರೂಪಾಯಿ ಮತ್ತು ಐದು ಎಕರೆ ಜಮೀನು ಘೋಷಿಸಿತು. ಅಂಥ ಹೊತ್ತಿನಲ್ಲಿ ಎಲ್ಲ ರಾಜ್ಯಗಳೂ ಉದಾರವಾಗುತ್ತವೆ. ಆದರೆ ಟೀವಿ ಕ್ಯಾಮೆರಾಗಳು ಬಂದ ಮನೆಗೆ ಒಂದು ಮೊತ್ತ, ಸದ್ದಿಲ್ಲದ ತಿಂಗಳಲ್ಲಿ ಹಿಮಪಾತಕ್ಕೆ ಸಿಕ್ಕವನ ಮನೆಗೆ ಇನ್ನೊಂದು ಮೊತ್ತ ಆಗಬಾರದು. ಕರ್ನಾಟಕದಲ್ಲಿ ಮೊತ್ತ ಎಷ್ಟು, ಎಷ್ಟು ದಿನದೊಳಗೆ, ಯಾವ ಕಚೇರಿಯಿಂದ, ಅಗ್ನಿವೀರನಿಗೂ ಕಾಯಂ ಸೈನಿಕನಿಗೂ ಸಮನಾಗಿ ಎಂಬ ನಾಲ್ಕು ಅಂಶ ಒಂದೇ ಆದೇಶದಲ್ಲಿ ಇರಲಿ. ಜಮೀನು ಕೊಡುವುದಾದರೆ ಸರ್ವೆ ನಂಬರು ಗುರುತಿಸಿದ ಮೇಲೆಯೇ ಘೋಷಿಸಿ. ವೇದಿಕೆಯಲ್ಲಿ ಸಿಕ್ಕ ಜಮೀನಿಗಾಗಿ ವಿಧವೆಯೊಬ್ಬಳು ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆದರೆ, ಆ ಊರಿನ ಹುಡುಗರು ಅದನ್ನು ದಿನವೂ ನೋಡುತ್ತಾರೆ.

ಈಗ ತಯಾರಿಯ ವಿಷಯಕ್ಕೆ ಬರುತ್ತೇವೆ. ಇಲ್ಲಿ ರಾಜ್ಯ ಮಾಡಬಹುದಾದದ್ದು ತುಂಬ ಇದೆ, ಖರ್ಚು ಕಡಿಮೆ.

ಜನರಲ್ ಡ್ಯೂಟಿ (ಸಾಮಾನ್ಯ ಸಿಪಾಯಿ) ಹುದ್ದೆಗೆ ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ: ಒಂದು ಗಂಟೆ, 50 ಪ್ರಶ್ನೆ, 100 ಅಂಕ, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. 2025ರಿಂದ ಇದನ್ನು ಕನ್ನಡದಲ್ಲೂ ಬರೆಯಬಹುದು. ಈ ಸಂಗತಿ ಎಷ್ಟೋ ಹಳ್ಳಿ ಹುಡುಗರಿಗೆ ಇನ್ನೂ ತಲುಪಿಲ್ಲ. ತಲುಪಿದವರಿಗೂ ಮೌಸ್ ಹಿಡಿದು ಪರೀಕ್ಷೆ ಬರೆದ ರೂಢಿ ಇಲ್ಲ. ಮೊಬೈಲಿನಲ್ಲಿ ಬೆರಳಾಡಿಸಿ ಕಲಿತವನು ಪರೀಕ್ಷಾ ಕೇಂದ್ರದಲ್ಲಿ ‘ಉಳಿಸಿ, ಮುಂದಿನ ಪ್ರಶ್ನೆ’ ಒತ್ತುವುದನ್ನು ಮರೆತು ಅಂಕ ಕಳೆದುಕೊಳ್ಳುತ್ತಾನೆ. ಸರ್ಕಾರಿ ಪದವಿಪೂರ್ವ ಕಾಲೇಜುಗಳ ಕಂಪ್ಯೂಟರ್ ಕೊಠಡಿಯಲ್ಲಿ ಶನಿವಾರ ಮಧ್ಯಾಹ್ನ ಎರಡು ಅಣಕು ಪರೀಕ್ಷೆ ಬರೆಸಿದರೆ ಸಾಕು, ಈ ತೊಂದರೆ ಹೋಗುತ್ತದೆ.

ಪರೀಕ್ಷೆ ಗೆದ್ದವರಿಗೆ ರ‍್ಯಾಲಿ. 1.6 ಕಿಲೋಮೀಟರ್ ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, 5.45ರೊಳಗೆ 48. 2025ರಲ್ಲಿ ಇನ್ನೆರಡು ಗುಂಪು ಸೇರಿಸಿ 6 ನಿಮಿಷಕ್ಕೆ 36, 6.15ಕ್ಕೆ 24 ಅಂಕ ಕೊಟ್ಟರು. ಬೀಮ್ (ಅಡ್ಡಕಂಬಿ) ಹಿಡಿದು ಹತ್ತು ಸಲ ಮೇಲೇರಿದರೆ 40 ಅಂಕ, ಆರಕ್ಕೆ 16. ಒಂಬತ್ತು ಅಡಿ ಗುಂಡಿ ಹಾರುವುದು, ಅಂಕುಡೊಂಕು ಪಟ್ಟಿಯ ಮೇಲೆ ನಡೆಯುವುದು ಪಾಸಾದರೆ ಸಾಕು. ನಮ್ಮ ರಾಜ್ಯದವರಿಗೆ ಎತ್ತರ 166 ಸೆಂಟಿಮೀಟರ್, ಎದೆ 77, ಉಸಿರು ತುಂಬಿದಾಗ 5 ಸೆಂಟಿಮೀಟರ್ ಹಿಗ್ಗಬೇಕು.

400 ಮೀಟರಿನ ಟ್ರ್ಯಾಕಿನಲ್ಲಿ ಇದು ನಾಲ್ಕು ಸುತ್ತು. ಪೂರ್ತಿ ಅಂಕ ಬೇಕಾದರೆ ಸುತ್ತಿಗೆ 82 ಸೆಕೆಂಡು. ಸೋಲುವವರು ಬಹುತೇಕ ಒಂದೇ ರೀತಿಯಲ್ಲಿ ಸೋಲುತ್ತಾರೆ: ಗುಂಪಿನ ರಭಸಕ್ಕೆ ಸಿಕ್ಕಿ ಮೊದಲ ಸುತ್ತನ್ನು 68–70 ಸೆಕೆಂಡಿಗೆ ಓಡಿ, ಮೂರನೆಯ ಸುತ್ತಿನಲ್ಲಿ ಕಾಲು ಕಟ್ಟಿಕೊಂಡು, 95 ಸೆಕೆಂಡಿಗೆ ಇಳಿಯುತ್ತಾರೆ. ಅಳತೆ ಇಲ್ಲದ ಕಾಲುದಾರಿಯಲ್ಲಿ, ಗಡಿಯಾರವಿಲ್ಲದೆ ಅಭ್ಯಾಸ ಮಾಡಿದವನಿಗೆ 82 ಸೆಕೆಂಡಿನ ಓಟ ಹೇಗಿರುತ್ತದೆ ಎಂಬುದೇ ತಿಳಿದಿರುವುದಿಲ್ಲ.

ಗಡಿಯ ಸುದ್ದಿ ಕೇಳಿ ಓಟ ಶುರು ಮಾಡಿದವರ ಸಮಸ್ಯೆ ಇನ್ನೊಂದು. ನಿನ್ನೆಯವರೆಗೆ ಓಡದಿದ್ದವನು ಇವತ್ತಿನಿಂದ ದಿನಕ್ಕೆ ಎಂಟು ಕಿಲೋಮೀಟರು ಡಾಂಬರು ರಸ್ತೆಯಲ್ಲಿ, ತೆಳು ಅಡಿಯ ಕ್ಯಾನ್ವಾಸ್ ಬೂಟು ಹಾಕಿ ಓಡುತ್ತಾನೆ. ಮೂರನೆಯ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಒಳಅಂಚಿನ ಉದ್ದಕ್ಕೂ ನೋವು ಶುರುವಾಗುತ್ತದೆ. ಮಾಂಸಖಂಡ ಬೇಗ ಹೊಂದಿಕೊಳ್ಳುತ್ತದೆ, ಮೂಳೆ ನಿಧಾನ. ನೋವಿನ ಮಾತ್ರೆ ನುಂಗಿ ಓಡಿದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ನೋವು ಉದ್ದಕ್ಕೂ ಹರಡಿದ್ದರೆ ಸಾಮಾನ್ಯವಾಗಿ ಕೆಲವು ವಾರದ ವಿಶ್ರಾಂತಿ ಸಾಕು. ಬೆರಳ ತುದಿಯಷ್ಟು ಜಾಗದಲ್ಲಿ ಒತ್ತಿದರೆ ಪ್ರಾಣ ಹೋಗುವಂತಿದ್ದರೆ ಅದು ಬಿರುಕಿರಬಹುದು, ಹಾಗಿದ್ದರೆ ಆರರಿಂದ ಎಂಟು ವಾರ ಓಟ ನಿಲ್ಲಿಸಲೇಬೇಕು. ಇಷ್ಟು ಹೇಳುವವರು ಹತ್ತಿರದಲ್ಲಿ ಇದ್ದರೆ ಎಷ್ಟೋ ಹುಡುಗರ ಒಂದು ವರ್ಷ ಉಳಿಯುತ್ತದೆ. 2025ರ ಭರ್ತಿಯಲ್ಲಿ ವಯೋಮಿತಿ 17½ರಿಂದ 21 ಇತ್ತು; ಅಷ್ಟರಲ್ಲಿ ಒಂದು ವರ್ಷ ಎಂದರೆ ಸಣ್ಣದಲ್ಲ.

ಏಳು ನಿಮಿಷಕ್ಕೆ ಓಡುವ ಆರೋಗ್ಯವಂತ ಹುಡುಗನನ್ನು 5.30ಕ್ಕೆ ತರಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ತಿಂಗಳು ಮಣ್ಣಿನ ಮೇಲೆ, ಮಾತಾಡಿಕೊಂಡು ಓಡಬಹುದಾದ ವೇಗದಲ್ಲಿ, ವಾರಕ್ಕೆ ನಾಲ್ಕು ದಿನ. ದೂರವನ್ನು ವಾರಕ್ಕೆ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದು. ಎರಡನೆಯ ತಿಂಗಳಿನಿಂದ ವಾರಕ್ಕೊಮ್ಮೆ 400 ಮೀಟರಿನ ಆರು ಓಟ, ನಡುವೆ ಎರಡು ನಿಮಿಷ ಬಿಡುವು. ಆರನೆಯ ಓಟದ ಸಮಯ ಮೊದಲನೆಯದಕ್ಕಿಂತ ಐದು ಸೆಕೆಂಡಿನಷ್ಟು ಜಾಸ್ತಿಯಾದರೆ ಆ ವೇಗ ಅವನಿಗೆ ಇನ್ನೂ ಹೆಚ್ಚು ಎಂದರ್ಥ. ಬೀಮ್‌ಗೆ ಕೊನೆಯ ತಿಂಗಳ ಸಾಹಸ ಕೆಲಸಕ್ಕೆ ಬರುವುದಿಲ್ಲ. ಎರಡು ಸಲ ಏರುವವನು ದಿನ ಬಿಟ್ಟು ದಿನ, ಮೇಲಿನಿಂದ ಐದು ಎಣಿಸುತ್ತ ಕೆಳಗಿಳಿಯುವ ಅಭ್ಯಾಸ ಮಾಡಿದರೆ ಮೂರು ತಿಂಗಳಲ್ಲಿ ಹತ್ತಕ್ಕೆ ಹತ್ತಿರ ಬರುತ್ತಾನೆ. ಇವೆಲ್ಲ ಬೆದರಿಕೆ ಬಂದ ಮೇಲೆ ಆರಂಭಿಸುವ ಕೆಲಸವಲ್ಲ. ಮಳೆ ಹಿಡಿದ ದಿನ ಕೆರೆಯ ಹೂಳೆತ್ತಲು ಹೊರಟಂತಾಗುತ್ತದೆ.

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಸೇನಾಪೂರ್ವ ತರಬೇತಿ ಕರಾವಳಿಯಲ್ಲಿ ನಡೆದಿದೆ. ಆ ಮಾದರಿ ಬೀದರ್, ಯಾದಗಿರಿ, ರಾಯಚೂರು, ವಿಜಯಪುರ, ಗದಗದಂಥ ಜಿಲ್ಲೆಗಳಿಗೆ ವರ್ಷಪೂರ್ತಿ ಬೇಕು. ಹೊಸ ಕಟ್ಟಡ ಬೇಡ. ಜಿಲ್ಲಾ ಕ್ರೀಡಾಂಗಣ ಬೆಳಿಗ್ಗೆ ಐದಕ್ಕೆ ತೆರೆಯಲಿ, ಅಲ್ಲಿ ಬೇರೆ ಬೇರೆ ಎತ್ತರದ ನಾಲ್ಕು ಬೀಮ್, ಒಂಬತ್ತು ಅಡಿಯ ಮರಳುಗುಂಡಿ, ಒಬ್ಬ ದೈಹಿಕ ಶಿಕ್ಷಕ, ಒಬ್ಬ ಮಾಜಿ ಸೈನಿಕ ಇರಲಿ. ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಬಂದು ಪಾದ, ಮಂಡಿ, ಮೊಣಕೈ ಕೋನ, ಬಣ್ಣಗುರುಡು, ಕಿವಿ, ಹೈಡ್ರೋಸೀಲ್, ಮೂಲವ್ಯಾಧಿ ನೋಡಲಿ. ಬಣ್ಣಗುರುಡು ಇರುವವನಿಗೆ ಮೊದಲೇ ತಿಳಿಸಿದರೆ ಎರಡು ವರ್ಷ ವ್ಯರ್ಥ ಮಾಡಿಕೊಳ್ಳುವುದಿಲ್ಲ. ಹೈಡ್ರೋಸೀಲ್ ಇರುವವನು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಚೇತರಿಸಿಕೊಳ್ಳಬಹುದು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಹುಡುಗರು ತಾತ್ಕಾಲಿಕ ಅನರ್ಹರಾಗುವುದು ನೋಡಲಾಗದ ಸಂಗತಿ. ಅದಕ್ಕೆ ಬೇಕಾದದ್ದು ನಾಲ್ಕು ದಿನ ಎಣ್ಣೆಹನಿ, ಆಮೇಲೆ ವೈದ್ಯರ ಹತ್ತು ನಿಮಿಷ.

ಸರ್ಕಾರ ಈ ಜಾಗ ತುಂಬದಿದ್ದರೆ ತುಂಬುವವರು ದಲ್ಲಾಳಿಗಳು. ಗಡಿ ಬಿಸಿಯಾದ ಪ್ರತಿ ಸಲವೂ ‘ವಿಶೇಷ ಭರ್ತಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ, ನಕಲಿ ಕರೆಪತ್ರ, ‘ಒಳಗಿನವರ ಪರಿಚಯ’ದ ಹೆಸರಲ್ಲಿ ಲಕ್ಷಗಟ್ಟಲೆ ವಸೂಲಿ ಶುರುವಾಗುತ್ತದೆ. ಬೆಂಗಳೂರು, ಬೆಳಗಾವಿ, ಮಂಗಳೂರಿನ ಸೇನಾ ಭರ್ತಿ ಕಚೇರಿಗಳು ಕೊಡುವ ನಿಜವಾದ ಅಧಿಸೂಚನೆಯನ್ನು ಪ್ರತಿ ಗ್ರಾಮ ಪಂಚಾಯ್ತಿಯ ಫಲಕದಲ್ಲಿ ಕನ್ನಡದಲ್ಲಿ ಹಾಕಿಸುವುದು ಒಂದು ಸುತ್ತೋಲೆಯ ಕೆಲಸ.

ದಾಖಲೆಯ ಮೇಜಿನ ಮುಂದೆ ಆಗುವ ಅನಾಹುತವನ್ನು ತಾವು ಒಮ್ಮೆ ಖುದ್ದು ನೋಡಬೇಕು. ಓಡಿ, ಹಾರಿ, ಬೀಮ್ ಏರಿ, ಬೆವರು ಇನ್ನೂ ಆರದ ಹುಡುಗ ಕಡತ ತೆರೆದಿಡುತ್ತಾನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ‘ಮಂಜುನಾಥ ಹನುಮಂತಪ್ಪ’ ಎಂದಿದೆ, ಆಧಾರ್‌ನಲ್ಲಿ ‘ಮಂಜುನಾಥ್ ಎಚ್.’ ಎಂದಿದೆ. ತಂದೆಯ ಹೆಸರಿನ ಮುಂದೆ ಒಂದರಲ್ಲಿ ಮನೆತನದ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ನಮ್ಮಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ಹೆಸರಿಡುವ ಕ್ರಮ ಇರುವುದರಿಂದ ಈ ಗೊಂದಲ ಸಹಜ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಅಂಕಪಟ್ಟಿ ತಿದ್ದಬೇಕಾದರೆ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ರ‍್ಯಾಲಿಯ ಮುಂಜಾನೆ ಇದಕ್ಕೆ ಪರಿಹಾರವೇ ಇಲ್ಲ. ವಾಸಸ್ಥಳ ಪ್ರಮಾಣಪತ್ರದಲ್ಲಿ ಫೋಟೊ ಇರಬೇಕೆಂದು ಸೇನೆ ಕೇಳುತ್ತದೆ, ಫೋಟೊ ಇಲ್ಲದ್ದನ್ನು ತಂದವನು ಸಿಕ್ಕಿಬೀಳುತ್ತಾನೆ. ನಡತೆ ಪ್ರಮಾಣಪತ್ರ ಮತ್ತು ಅವಿವಾಹಿತ ಪ್ರಮಾಣಪತ್ರ ಆರು ತಿಂಗಳೊಳಗಿನದಾಗಿರಬೇಕು. ಅದನ್ನು ಕೊಡಬೇಕಾದವರು ರಜೆಯಲ್ಲಿದ್ದರೆ ಅವನ ಕಥೆ ಮುಗಿಯಿತು. ಒಂಬತ್ತನೇ ತರಗತಿಯಲ್ಲೇ, ಎಸ್ಸೆಸ್ಸೆಲ್ಸಿಗೆ ಹೆಸರು ನೋಂದಾಯಿಸುವ ಮೊದಲು, ಆಧಾರ್ ಜೊತೆ ತಾಳೆ ನೋಡುವುದನ್ನು ಶಾಲೆಗಳಿಗೆ ಕಡ್ಡಾಯ ಮಾಡಿ. ಸೇನೆ ಕೇಳುವ ನಮೂನೆಯ, ಫೋಟೊ ಇರುವ ಪ್ರಮಾಣಪತ್ರ ನಾಡಕಚೇರಿಯಲ್ಲಿ ಒಂದೇ ಅರ್ಜಿಗೆ ಸಿಗಲಿ. ಇದರ ಪ್ರಯೋಜನ ಸೇನೆಗೆ ಹೋಗದ ಮಕ್ಕಳಿಗೂ ಇದೆ.

ಸಿಪಾಯಿ ಭರ್ತಿಗೆ ನೂಕುನುಗ್ಗಲು ಇರುವ ದೇಶದಲ್ಲೇ ಅಧಿಕಾರಿಗಳ ಕೊರತೆ ಇದೆ. ಸಂಸದೀಯ ಸಮಿತಿಯ ಮುಂದಿಟ್ಟ ಅಂಕಿ ಅಂಶದಂತೆ 2024ರ ಅಕ್ಟೋಬರ್‌ನಲ್ಲಿ ಭೂಸೇನೆಗೆ ಮಂಜೂರಾದ 50 ಸಾವಿರ ಚಿಲ್ಲರೆ ಅಧಿಕಾರಿ ಹುದ್ದೆಗಳಲ್ಲಿ 8 ಸಾವಿರಕ್ಕೂ ಹೆಚ್ಚು ಖಾಲಿ ಇದ್ದವು. ಬೆದರಿಕೆ ಬಂದಾಗ ಅತಿ ಜೋರಾಗಿ ಮಾತಾಡುವ ನಗರದ ಮಧ್ಯಮ ವರ್ಗ ತನ್ನ ಮಕ್ಕಳನ್ನು ಕಳಿಸುವುದು ಕಡಿಮೆ ಎಂದು ಬೇಸರದಿಂದಲೇ ಹೇಳಬೇಕಾಗಿದೆ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡಿನಲ್ಲಿ ಕೊಡಗಿನಾಚೆಗೆ ಈ ದಾರಿಯ ಪರಿಚಯವೇ ಕಮ್ಮಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಅದರಲ್ಲೂ 200 ಅಂಕ ಇಂಗ್ಲಿಷಿನದೇ. ಲಿಖಿತ ಪರೀಕ್ಷೆಯ 900 ಅಂಕಕ್ಕೆ ಸಮನಾಗಿ 900 ಅಂಕ ಸೇವಾ ಆಯ್ಕೆ ಮಂಡಳಿ ನಡೆಸುವ ಐದು ದಿನದ ಎಸ್‌ಎಸ್‌ಬಿ ಸಂದರ್ಶನಕ್ಕಿದೆ. ಅಂಥ ಸಂದರ್ಶನ ನಡೆಸುವ ಕೇಂದ್ರ ಬೆಂಗಳೂರಿನಲ್ಲೇ ಇದ್ದರೂ ಹಾವೇರಿಯ ಪಿಯುಸಿ ವಿದ್ಯಾರ್ಥಿಗೆ ಅಲ್ಲಿ ಏನು ಕೇಳುತ್ತಾರೆಂಬುದು ಗೊತ್ತಿಲ್ಲ. 60 ಪದಗಳಿಗೆ ಒಂದೊಂದು ವಾಕ್ಯ, 60 ಸನ್ನಿವೇಶಗಳಿಗೆ ಒಂದೊಂದು ಉತ್ತರ, 12 ಚಿತ್ರಗಳಿಗೆ ಕಥೆ, ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಪೀಪಾಯಿ ಹಿಡಿದು ಗುಂಪಿನ ಕೆಲಸ. ಇವು ಬಾಯಿಪಾಠಕ್ಕೆ ಸಿಗುವಂಥವಲ್ಲ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳ ಅನುಭವವನ್ನು ಬೇಸಿಗೆ ಶಿಬಿರಗಳ ಮೂಲಕ ಸರ್ಕಾರಿ ಕಾಲೇಜಿನ ಹುಡುಗ ಹುಡುಗಿಯರಿಗೆ ತಲುಪಿಸಿ.

ಹುಡುಗಿಯರ ಮಾತು ಬಂದಿತಲ್ಲ, ಅದರ ಜೊತೆಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಆಪರೇಷನ್ ಸಿಂಧೂರದ ವಿವರವನ್ನು ದೇಶಕ್ಕೆ ಕೊಟ್ಟವರು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಕರ್ನಲ್ ಖುರೇಷಿ ಬೆಳಗಾವಿ ಜಿಲ್ಲೆಯ ಸೊಸೆ. ಆ ದಿನಗಳಲ್ಲಿ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಟೀವಿಯ ಮುಂದೆ ಹೆಮ್ಮೆಯಿಂದ ಕೂತರು, ಅದರ ಬೆನ್ನಲ್ಲೇ ಕರ್ನಲ್ ಖುರೇಷಿಯವರ ಅತ್ತೆಮನೆಯ ಮೇಲೆ ದಾಳಿಯಾಗಿದೆ ಎಂಬ ಸುಳ್ಳು ಸುದ್ದಿ ಹರಡಿತು. ಜಿಲ್ಲಾ ಪೊಲೀಸರು ತಕ್ಷಣ ಅದನ್ನು ಅಲ್ಲಗಳೆದರು, ಅಷ್ಟು ಚುರುಕಾಗಿ ಸ್ಪಂದಿಸಿದ್ದಕ್ಕೆ ಅವರಿಗೆ ಕೃತಜ್ಞರು. ಹೊರಗಿನ ಬೆದರಿಕೆ ಬಂದ ಹೊತ್ತಿನಲ್ಲಿ ನಮ್ಮವರ ಮೇಲೆಯೇ ಅನುಮಾನ ಬಿತ್ತುವ ಮಾತುಗಳು ಹರಡಿದರೆ, ಮಗಳನ್ನು ಬೆಂಗಳೂರಿನ ಸೇನಾ ಪೊಲೀಸ್ ತರಬೇತಿ ಕೇಂದ್ರಕ್ಕೆ ಕಳಿಸಲು ಯೋಚಿಸುತ್ತಿದ್ದ ಎಷ್ಟೋ ಕುಟುಂಬಗಳು ಸದ್ದಿಲ್ಲದೆ ಹಿಂದೆ ಸರಿಯುತ್ತವೆ. ಅಂಥ ವದಂತಿಗೆ ಗಂಟೆಗಳೊಳಗೆ ಉತ್ತರಿಸುವ ವ್ಯವಸ್ಥೆ ಎಲ್ಲ ಜಿಲ್ಲೆಗಳಲ್ಲೂ ಇರಲಿ.

ಆಯ್ಕೆಯಾಗದವರೇ ಹೆಚ್ಚು. ಅವರ ಶಕ್ತಿಗೆ ಜಾಗ ಬೇಕು. 2025ರ ಮೇ ತಿಂಗಳ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಮ್ಮ ರಾಜ್ಯದಲ್ಲಿ ಬೆಂಗಳೂರು, ರಾಯಚೂರು, ಕಾರವಾರಕ್ಕೆ ಸೀಮಿತವಾಗಿತ್ತು. ಅದೇ ತಿಂಗಳು ಚಂಡೀಗಢದಲ್ಲಿ ನಾಗರಿಕ ರಕ್ಷಣೆಯ ಸ್ವಯಂಸೇವಕರಾಗಿ ಎಂಬ ಒಂದು ಕರೆಗೆ ನೂರಾರು ಯುವಕರು ಬಂದು ಸೇರಿದರು. ಕೈಗಾ ಅಣು ವಿದ್ಯುತ್ ಕೇಂದ್ರ, ನೌಕಾನೆಲೆ, ಮಂಗಳೂರಿನ ತೈಲಾಗಾರ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇರುವ ರಾಜ್ಯ ನಮ್ಮದು. ಈ ಜಿಲ್ಲೆಗಳಲ್ಲಿ ನಾಗರಿಕ ರಕ್ಷಣಾ ಪಡೆ ಮತ್ತು 12 ದಿನದ ಆಪದ ಮಿತ್ರ (ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕ) ತರಬೇತಿಯ ಪಟ್ಟಿಗೆ, ರ‍್ಯಾಲಿಯಲ್ಲಿ ಓಟ ಪಾಸಾಗಿಯೂ ಅಂತಿಮ ಪಟ್ಟಿಗೆ ಬಾರದ ಹುಡುಗರನ್ನು ಮೊದಲು ಕರೆಯಿರಿ. ಅವರು ಗಟ್ಟಿಮುಟ್ಟಾಗಿದ್ದಾರೆ, ಸಿದ್ಧರಿದ್ದಾರೆ.

ಕೊನೆಯದು, ಅತ್ಯಂತ ತುರ್ತಿನದು. ಅಗ್ನಿವೀರರ ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ ಮತ್ತು 2027ರ ಆರಂಭದಲ್ಲಿ ಮುಗಿಯುತ್ತದೆ. ಕೋವಿಡ್‌ನಿಂದ ಎರಡು ವರ್ಷ ಭರ್ತಿ ನಿಂತಿದ್ದರಿಂದ ಆ ಒಂದು ಸಲ ವಯೋಮಿತಿಯನ್ನು 23ಕ್ಕೆ ಏರಿಸಿದ್ದರು. ಹಾಗೆ ಸೇರಿದವನಿಗೆ ಹೊರಬರುವಾಗ 27. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ವಯೋಮಿತಿ ಬಹುಕಾಲದಿಂದ ಸಾಮಾನ್ಯ ವರ್ಗಕ್ಕೆ 25, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳಿಗೆ 27ರ ಆಸುಪಾಸಿನಲ್ಲಿದ್ದು, ಆಗಾಗ ಒಂದು ಬಾರಿಯ ಸಡಿಲಿಕೆ ಸಿಗುತ್ತದೆ. ಒಂದು ಬಾರಿಯ ಸಡಿಲಿಕೆಯನ್ನು ನಂಬಿ ಯಾರೂ ಬದುಕು ಕಟ್ಟಲಾರರು. ಸೇವೆಯ ಅವಧಿಯನ್ನು ವಯಸ್ಸಿನಿಂದ ಕಳೆಯುವ ನಿಯಮ ಕಾಯಂ ಆಗಿ ಬರಬೇಕು. ಮಾಜಿ ಸೈನಿಕರ ಮೀಸಲಾತಿ ಪಿಂಚಣಿ ಪಡೆಯುವವರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಅಗ್ನಿವೀರ ಅದರೊಳಗೆ ಬರುತ್ತಾನೋ, ಅವನಿಗೆ ಬೇರೆ ಪಾಲೋ ಎಂಬುದು ಅಧಿಸೂಚನೆಯಲ್ಲೇ ಅಚ್ಚಾಗಿರಬೇಕು. ಉತ್ತರ ಪ್ರದೇಶ 2025ರ ಜೂನ್‌ನಲ್ಲಿ ಪೊಲೀಸ್, ಪಿಎಸಿ (ರಾಜ್ಯದ ಸಶಸ್ತ್ರ ಪೊಲೀಸ್ ಪಡೆ), ಅಗ್ನಿಶಾಮಕ ಹುದ್ದೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇ 20 ಸಮತಲ (ಪ್ರತಿ ವರ್ಗದ ಪಾಲಿನೊಳಗೇ ಸಿಗುವ) ಮೀಸಲಾತಿಗೆ ಒಪ್ಪಿಗೆ ಕೊಟ್ಟಿದೆ.

ಹತ್ತನೇ ತರಗತಿಯಿಂದ ನೇರ ಸೇರಿದವರು ಸೇವೆಯಲ್ಲಿದ್ದಾಗ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಪಡೆಯುವ ಏರ್ಪಾಡು ಇದೆ. ಅದು ಪಿಯುಸಿಗೆ ತತ್ಸಮಾನ ಎಂದು ಎಲ್ಲ ಇಲಾಖೆಗಳಿಗೂ ಅನ್ವಯಿಸುವ ಒಂದೇ ಆದೇಶ ಈಗಲೇ ಹೊರಡಲಿ, ಇಲ್ಲವಾದರೆ ಪ್ರತಿ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲೂ ಹೊಸ ತಕರಾರು ಹುಟ್ಟುತ್ತದೆ. ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಹೊರಬರುವವರ ಪಟ್ಟಿ ಆರು ತಿಂಗಳು ಮೊದಲೇ ಇರಲಿ: ಹೆಸರು, ಸೇನೆಯಲ್ಲಿ ಕಲಿತ ಕಸುಬು, ಊರು, ಬೇಕಾದ ಕೆಲಸ. ಎಂಜಿನಿಯರ್ ರೆಜಿಮೆಂಟಿನಲ್ಲಿ ಜೆಸಿಬಿ ಓಡಿಸಿದವನಿಗೆ, ಸಿಗ್ನಲ್ಸ್‌ನಲ್ಲಿ ಕೇಬಲ್ ಎಳೆದವನಿಗೆ, ಆಸ್ಪತ್ರೆಯಲ್ಲಿ ದುಡಿದವನಿಗೆ ಸೆಕ್ಯುರಿಟಿ ಗಾರ್ಡ್ ಕೆಲಸ ತೋರಿಸುವುದು ಅನ್ಯಾಯ. ವಿದ್ಯುತ್ ಸರಬರಾಜು ಕಂಪನಿಗಳು, ಸಾರಿಗೆ ನಿಗಮಗಳು, ಅಗ್ನಿಶಾಮಕ ದಳ, ಅರಣ್ಯ ಇಲಾಖೆಗಳಲ್ಲಿ ಅವರವರ ಕಸುಬಿಗೆ ಹೊಂದುವ ಹುದ್ದೆಗಳನ್ನು ಈಗಲೇ ಗುರುತಿಸಬಹುದು. ಜೊತೆಗೆ 21–22 ವರ್ಷದ ಹುಡುಗನ ಖಾತೆಗೆ ಹತ್ತು ಲಕ್ಷ ಬೀಳುವ ತಿಂಗಳಲ್ಲಿ ಬ್ಯಾಂಕಿನವರು, ಚೀಟಿ ನಡೆಸುವವರು, ಆನ್‌ಲೈನ್ ಟ್ರೇಡಿಂಗ್ ಕಲಿಸುವವರು ಎಲ್ಲರೂ ಬಾಗಿಲು ತಟ್ಟುತ್ತಾರೆ. ಲೀಡ್ ಬ್ಯಾಂಕ್ ವ್ಯವಸ್ಥಾಪಕರೊಂದಿಗೆ ಅರ್ಧ ದಿನದ ತಿಳಿವಳಿಕೆ ಪ್ರತಿ ಜಿಲ್ಲೆಯಲ್ಲೂ ನಡೆಯಲಿ.

ಈ ಎಲ್ಲದರಲ್ಲಿ ವಯೋಮಿತಿ, ತತ್ಸಮಾನತೆ, ಪರಿಹಾರ ಈ ಮೂರೂ ಆದೇಶಗಳು ಮೊದಲ ತಂಡ ರೈಲು ಇಳಿಯುವ ಮೊದಲೇ ರಾಜ್ಯಪತ್ರದಲ್ಲಿ ಬರಬೇಕೆಂದು ಕೋರುತ್ತೇವೆ. ಕ್ರೀಡಾಂಗಣ ಮತ್ತು ದಾಖಲೆಗಳ ಕೆಲಸಕ್ಕೆ ಸಂಪುಟದ ಒಪ್ಪಿಗೆಯೂ ಬೇಕಿಲ್ಲ, ಜಿಲ್ಲಾಧಿಕಾರಿಗಳಿಗೆ ತಮ್ಮ ಒಂದು ಸೂಚನೆ ಸಾಕು. ಕರಡು ಬೇಕೆಂದರೆ ಬರೆದುಕೊಡಲು, ಮೈದಾನದಲ್ಲಿ ಬೆಳಿಗ್ಗೆ ಐದಕ್ಕೆ ಬಂದು ನಿಲ್ಲಲು ನಾವು ಸಿದ್ಧ.

ಇತಿ,
ಸೇನಾ ಭರ್ತಿಗೆ ಯುವಜನರನ್ನು ತಯಾರು ಮಾಡುವ ಮಾಜಿ ಸೈನಿಕರು ಮತ್ತು ದೈಹಿಕ ಶಿಕ್ಷಕರು